ಹರಾಂ, ಕೇಸು, ಖಬರಸ್ತಾನ: ಆತ್ಮಹತ್ಯೆ ಬಗ್ಗೆ ಮೌಲ್ವಿಗಳು ಹೇಳೋದೇನು, ಕಾನೂನು ಹೇಳೋದೇನು?

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಮುಸ್ಲಿಮರ ಮನೆಯೊಂದರಲ್ಲಿ ಯಾರಾದರೂ ತಮ್ಮ ಜೀವ ತಾವೇ ಕಳೆದುಕೊಂಡರೆ, ಮನೆಯ ಹೊರಗೆ ನಿಂತವರ ಬಾಯಲ್ಲಿ ಎರಡು ಪ್ರಶ್ನೆ ಬರುತ್ತವೆ. ಒಂದು, ‘ಜನಾಜಾ ನಮಾಜ್ ಮಾಡ್ತಾರೇನ್ರಿ?’ ಇನ್ನೊಂದು, ‘ಪೊಲೀಸ್ ಕೇಸ್ ಆಕ್ಕೈತೇನ್ರಿ?’

ಈ ಎರಡೂ ಪ್ರಶ್ನೆಗಳ ಹಿಂದೆ ಇರೋದು ಭಯ. ಒಂದು ದೇವರ ಭಯ, ಇನ್ನೊಂದು ಸ್ಟೇಷನ್ ಭಯ. ಎರಡೂ ಸೇರಿದಾಗ ಯಾರೋ ಹಿರಿಯರು ಮೆಲ್ಲಗೆ ಒಂದು ಸಲಹೆ ಕೊಡ್ತಾರೆ: ‘ಹಾರ್ಟ್ ಅಟ್ಯಾಕ್ ಅಂತ ಹೇಳ್ರಿ, ಮಗರಿಬ್ ಒಳಗ ದಫನ್ ಮಾಡಿ ಮುಗಿಸಿಬಿಡ್ರಿ.’ ಈ ಮಾತನ್ನ ನಾನು ಕೇಳಿದ್ದೇನೆ. ಹೇಳಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಮನೆಯವರ ಮರ್ಯಾದೆ ಉಳಿಸೋ ಆತುರ ಇತ್ತು, ಅಷ್ಟೇ. ಇದು ಮುಸ್ಲಿಮರಿಗಷ್ಟೇ ಸೀಮಿತವೂ ಅಲ್ಲ. ನಮ್ಮ ಕಡೆ ಯಾವ ಜಾತಿ, ಯಾವ ಓಣಿ ತಗೊಂಡರೂ ಇಂಥ ಸಾವನ್ನ ಬೇಗ ಮುಚ್ಚಿಹಾಕೋ ರೂಢಿ ಇದೆ.

ನಾನು ಮೌಲ್ವಿ ಅಲ್ಲ, ವಕೀಲನೂ ಅಲ್ಲ. ಆದರೆ ಈ ವಿಷಯದಲ್ಲಿ ಧರ್ಮ ಏನು ಹೇಳುತ್ತೆ, ಕಾನೂನು ಏನು ಹೇಳುತ್ತೆ ಅನ್ನೋದನ್ನ ಓದುತ್ತಾ ಹೋದಾಗ ನನಗೆ ಸ್ಪಷ್ಟವಾಗಿದ್ದು ಇಷ್ಟು: ಜನ ಹೆದರಿಕೊಂಡಿರುವ ಧರ್ಮ ಪುಸ್ತಕದಲ್ಲಿಲ್ಲ, ಜನ ಹೆದರಿಕೊಂಡಿರುವ ಕಾನೂನು ಈಗ ಜಾರಿಯಲ್ಲಿಲ್ಲ. ಎರಡರ ತಪ್ಪು ತಿಳಿವಳಿಕೆಗೆ ಬೆಲೆ ಕಟ್ಟುತ್ತಿರೋರು ಮಾತ್ರ ಉಳಿದವರು: ಹೆಂಡತಿ, ಮಕ್ಕಳು, ತವರು ಮನೆ. ಹಾಗಾಗಿ ಈ ಬರಹ.

ಹರಾಂ ಅನ್ನೋದರಲ್ಲಿ ಎರಡು ಮಾತಿಲ್ಲ

ಉರ್ದುವಿನಲ್ಲಿ ‘ಖುದ್ಕುಶಿ’ ಅಂತಾರೆ. ಇದು ಹರಾಂ, ಅದೂ ದೊಡ್ಡ ಪಾಪಗಳಲ್ಲಿ ಒಂದು ಅನ್ನೋದರಲ್ಲಿ ಸುನ್ನಿ, ಶಿಯಾ, ದೇವಬಂದಿ, ಬರೇಲ್ವಿ, ಅಹ್ಲೆ ಹದೀಸ್ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಕುರ್‌ಆನಿನ ನಾಲ್ಕನೇ ಅಧ್ಯಾಯ ಅನ್ನಿಸಾದ 29ನೇ ವಚನವನ್ನು ಇದಕ್ಕೆ ಆಧಾರ ಅಂತ ಹೇಳ್ತಾರೆ. ಅದು ನಿಮ್ಮನ್ನು ನೀವು ಕೊಲ್ಲಬೇಡಿ ಅಂತ ತಡೆಯುತ್ತೆ. ಗಮನಿಸಬೇಕಾದ್ದು, ಆ ವಚನ ಅಲ್ಲಿಗೆ ನಿಲ್ಲೋದಿಲ್ಲ, ಅಲ್ಲಾಹನು ನಿಮ್ಮ ಬಗ್ಗೆ ಕರುಣೆ ಉಳ್ಳವನು ಅನ್ನೋ ಅರ್ಥದ ಮಾತಿನಿಂದ ಮುಗಿಯುತ್ತೆ. ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳಲ್ಲಿ ಪರಲೋಕದ ಶಿಕ್ಷೆಯ ಬಗ್ಗೆ ಕಠಿಣ ಎಚ್ಚರಿಕೆಗಳಿವೆ. ಕಷ್ಟ ಬಂತೆಂದು ಸಾವು ಬಯಸಬೇಡಿ ಅನ್ನೋ ಹದೀಸೂ ಅವೇ ಸಂಗ್ರಹಗಳಲ್ಲಿದೆ.

ಇದರ ಹಿಂದಿರುವ ತಿಳಿವಳಿಕೆ ಸರಳ: ಜೀವ ನಮ್ಮ ಸ್ವಂತ ಆಸ್ತಿ ಅಲ್ಲ, ಅಮಾನತ್ತು, ಅಂದರೆ ದೇವರು ಕಾಪಾಡೋಕೆ ಕೊಟ್ಟಿರೋದು. ಈ ನಂಬಿಕೆ ಎಷ್ಟೋ ಜನರನ್ನು ಕಷ್ಟದ ರಾತ್ರಿಯೊಂದನ್ನು ದಾಟಿಸಿದೆ ಅನ್ನೋದನ್ನ ನಾನು ಅಲ್ಲಗಳೆಯಲ್ಲ. 2015ನೇ ಸಾಲಿನ ಧರ್ಮವಾರು ಆತ್ಮಹತ್ಯೆ ಅಂಕಿಅಂಶ ಮಾಹಿತಿ ಹಕ್ಕಿನ ಮೂಲಕ ಹೊರಬಂದಾಗ ಒಂದು ಲಕ್ಷ ಜನಸಂಖ್ಯೆಗೆ ಕ್ರೈಸ್ತರಲ್ಲಿ 17.4, ಹಿಂದೂಗಳಲ್ಲಿ 11.3, ಮುಸ್ಲಿಮರಲ್ಲಿ 7, ಸಿಖ್ಖರಲ್ಲಿ 4.1 ಅಂತ ಇತ್ತು. ಮುಸ್ಲಿಮರ ಪ್ರಮಾಣ ಕಡಿಮೆ ಇರೋದಕ್ಕೆ ಧಾರ್ಮಿಕ ತಡೆ ಒಂದು ಕಾರಣ ಇರಬಹುದು. ಮುಚ್ಚಿಡೋದೂ ಒಂದು ಕಾರಣ ಇರಬಹುದು. ಯಾವುದು ಎಷ್ಟು ಅಂತ ಆ ಅಂಕಿಗಳಿಂದ ಬೇರ್ಪಡಿಸೋಕೆ ಆಗಲ್ಲ.

ಹಾಗಾದರೆ ಜನಾಜಾ ನಮಾಜ್ ಇಲ್ವಾ?

ಇದೆ. ಅತಿ ಹೆಚ್ಚು ತಪ್ಪಾಗಿ ತಿಳಿದಿರೋದು ಇದನ್ನೇ.

ಗೊಂದಲಕ್ಕೆ ಮೂಲ ಸಹೀಹ್ ಮುಸ್ಲಿಮಿನ ಒಂದು ಹದೀಸ್. ತನ್ನನ್ನು ತಾನೇ ಕೊಂದುಕೊಂಡ ಒಬ್ಬನ ಶವಕ್ಕೆ ಪ್ರವಾದಿಯವರು ನಮಾಜ್ ಮಾಡಲಿಲ್ಲ ಅಂತ ಅದರಲ್ಲಿದೆ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅನ್ನೋದರ ಮೇಲೆ ಹಳೆಯ ಪಂಡಿತರಲ್ಲಿ ಚರ್ಚೆ ನಡೆದಿದೆ. ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜ್, ಇಮಾಮ್ ಔಝಾಯಿ ಅಂಥವರು ನಮಾಜ್ ಬೇಡ ಅಂದರು. ಇಮಾಮ್ ಅಹ್ಮದ್ ಬಿನ್ ಹಂಬಲ್ ಅವರು, ಮುಖ್ಯ ಇಮಾಮ್ ಮಾಡೋದು ಬೇಡ, ಉಳಿದ ಜನ ಮಾಡಲಿ ಅಂದರು. ಅಬೂ ಹನೀಫಾ, ಮಾಲಿಕ್, ಶಾಫಿಈ ಮೂವರೂ ನಮಾಜ್ ಮಾಡಬೇಕು ಅನ್ನೋ ಕಡೆ ನಿಂತರು. ಪ್ರವಾದಿಯವರು ದೂರ ಉಳಿದದ್ದು ಬದುಕಿರುವವರಿಗೆ ಎಚ್ಚರಿಕೆ ಕೊಡಲಿಕ್ಕೆ, ಸತ್ತವನನ್ನು ಸಮುದಾಯದಿಂದ ಹೊರಹಾಕಲಿಕ್ಕಲ್ಲ ಅನ್ನೋದು ಬಹುಪಾಲು ಪಂಡಿತರ ವಿವರಣೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಬಹುತೇಕ ಮುಸ್ಲಿಮರು ಹನಫಿ ಪಂಥದವರು. ಪೇಟೆಯಲ್ಲಿ ಉರ್ದು ಮಾತಾಡೋ ಮನೆತನ ಇರಲಿ, ಹಳ್ಳಿಯಲ್ಲಿ ಕನ್ನಡವನ್ನೇ ಮನೆಮಾತು ಮಾಡಿಕೊಂಡಿರೋ ನದಾಫ, ಪಿಂಜಾರ ಮನೆತನ ಇರಲಿ, ಪಾಲಿಸೋದು ಹನಫಿ ಫಿಕ್ಹ್. ಆ ಪಂಥದ ಒಳಗೇ ಇಮಾಮ್ ಅಬೂ ಯೂಸುಫ್ ಅವರ ಅಭಿಪ್ರಾಯ ಬೇರೆ ಇತ್ತು. ಆದರೆ ಫತ್ವಾ ಕೊಡೋದು ಯಾವ ಅಭಿಪ್ರಾಯದ ಮೇಲೆ ಅಂದರೆ, ‘ಸ್ನಾನ ಮಾಡಿಸಬೇಕು, ನಮಾಜ್ ಮಾಡಬೇಕು’ ಅನ್ನೋದರ ಮೇಲೆ. ಹನಫಿಗಳ ಪ್ರಮುಖ ಗ್ರಂಥ ದುರ್ರುಲ್ ಮುಖ್ತಾರ್ ಇದನ್ನೇ ಹೇಳುತ್ತೆ. ಬರೇಲ್ವಿಗಳ ಮನೆಮನೆಯಲ್ಲಿರುವ ಬಹಾರೆ ಶರೀಅತ್ ಕೂಡ ಇದನ್ನೇ ಹೇಳುತ್ತೆ.

ಅಂದರೆ ಘುಸ್ಲ್ ಇದೆ, ಕಫನ್ ಇದೆ, ನಮಾಜ್ ಇದೆ, ಮುಸ್ಲಿಮರ ಖಬರಸ್ತಾನದಲ್ಲೇ ಜಾಗ ಇದೆ. ಮಗ್ಫಿರತ್‌ಗಾಗಿ ದುವಾ ಕೇಳೋದೂ ಸರಿ. ಆತ್ಮಹತ್ಯೆ ಮಾಡಿಕೊಂಡವರು ಕಾಫಿರ್ ಆಗಿಬಿಟ್ಟರು ಅನ್ನೋ ಮಾತಿಗೆ ಸುನ್ನಿ ಮುಖ್ಯಧಾರೆಯಲ್ಲಿ ಆಧಾರವಿಲ್ಲ. ಯಾರಾದರೂ ‘ಖಬರಸ್ತಾನದ ಮೂಲ್ಯಾಗ ಹಾಕ್ರಿ’ ಅಂದರೆ ಅದು ಊರಿನ ರೂಢಿಯ ಮಾತು, ಶರೀಯತ್ತಿನ ಮಾತಲ್ಲ.

ಇನ್ನೊಂದು ಹದೀಸ್ ಇದೆ, ಅದೂ ಸಹೀಹ್ ಮುಸ್ಲಿಮಿನದೇ. ನಮ್ಮ ಜುಮಾ ಬಯಾನ್‌ಗಳಲ್ಲಿ ಇದು ಹೆಚ್ಚು ಕೇಳಿಬರಬೇಕಿತ್ತು ಅಂತ ನನಗನಿಸುತ್ತೆ. ತುಫೈಲ್ ಬಿನ್ ಅಮ್ರ್ ಅನ್ನೋ ಸಹಾಬಿಯ ಜೊತೆ ಮದೀನಾಕ್ಕೆ ಬಂದ ಒಬ್ಬ ವ್ಯಕ್ತಿ ಕಾಯಿಲೆಯ ನೋವು ತಾಳಲಾರದೆ ತನ್ನ ಕೈಗಳಿಗೆ ತಾನೇ ಗಾಯ ಮಾಡಿಕೊಂಡು ತೀರಿಕೊಂಡ. ಆಮೇಲೆ ತುಫೈಲರ ಕನಸಿನಲ್ಲಿ ಅವನು ಚೆನ್ನಾಗಿಯೇ ಕಂಡ, ಆದರೆ ಕೈಗಳನ್ನು ಮುಚ್ಚಿಕೊಂಡಿದ್ದ. ದೇವರು ಕ್ಷಮಿಸಿದ, ಕೈಗಳನ್ನು ಮಾತ್ರ ಸರಿಮಾಡಲಿಲ್ಲ ಅಂದ. ಇದನ್ನು ಕೇಳಿದ ಪ್ರವಾದಿಯವರು ಅವನ ಕೈಗಳನ್ನೂ ಕ್ಷಮಿಸು ಅಂತ ಪ್ರಾರ್ಥಿಸಿದರು. ಸಹೀಹ್ ಮುಸ್ಲಿಮಿಗೆ ವ್ಯಾಖ್ಯಾನ ಬರೆದ ಇಮಾಮ್ ನವವಿ ಇದರ ಆಧಾರದ ಮೇಲೇ, ಇಂಥ ಸಾವಿನಿಂದ ಮನುಷ್ಯ ಧರ್ಮದಿಂದ ಹೊರಗೆ ಹೋಗಲ್ಲ ಅಂತ ಬರೆದಿದ್ದಾರೆ.

ಮಾನಸಿಕ ಕಾಯಿಲೆಯ ಪ್ರಶ್ನೆಯೂ ಇದೆ. ನಿದ್ದೆಯಲ್ಲಿರುವವರು, ಮಕ್ಕಳು, ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು, ಈ ಮೂವರ ಲೆಕ್ಕ ಬರೆಯೋ ಲೇಖನಿ ಎತ್ತಿಡಲಾಗಿದೆ ಅನ್ನೋ ಅರ್ಥದ ಹದೀಸ್ ಅಬೂ ದಾವೂದ್, ತಿರ್ಮಿಝಿ ಸಂಗ್ರಹಗಳಲ್ಲಿದೆ. ತೀವ್ರ ಮಾನಸಿಕ ಕಾಯಿಲೆಯಲ್ಲಿದ್ದವರು ಜೀವ ಕಳೆದುಕೊಂಡಾಗ ಇದನ್ನು ಮುಂದಿಟ್ಟು ಮಾತಾಡೋ ಉಲೇಮಾಗಳಿದ್ದಾರೆ. ಸತ್ತವರ ಬಗ್ಗೆ ತೀರ್ಪು ಕೊಡೋದು ನಮ್ಮ ಕೆಲಸವಲ್ಲ, ಅದು ಅಲ್ಲಾಹನಿಗೆ ಬಿಟ್ಟಿದ್ದು ಅನ್ನೋದು ಅವರ ನಿಲುವು.

ಕಾನೂನಿನ ಕಥೆ: 1860ರಿಂದ 2024ರವರೆಗೆ

ಈಗ ಎರಡನೇ ಭಯಕ್ಕೆ ಬರೋಣ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ಅಪರಾಧಿ ಮಾಡಿದ್ದು ಬ್ರಿಟಿಷರು ತಂದ 1860ರ ಭಾರತೀಯ ದಂಡ ಸಂಹಿತೆಯ 309ನೇ ಕಲಂ. ಒಂದು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಬ್ರಿಟಿಷರು ತಮ್ಮ ದೇಶದಲ್ಲಿ ಇದನ್ನು 1961ರಲ್ಲೇ ಅಪರಾಧಗಳ ಪಟ್ಟಿಯಿಂದ ತೆಗೆದರು. ನಾವು ಇಟ್ಟುಕೊಂಡೆವು.

1994ರಲ್ಲಿ ಪಿ. ರತಿನಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 309 ಸಂವಿಧಾನಬಾಹಿರ ಅಂತ ಹೇಳಿತು. ಎರಡೇ ವರ್ಷಕ್ಕೆ, 1996ರ ಗ್ಯಾನ್ ಕೌರ್ ಪ್ರಕರಣದಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ತಳ್ಳಿಹಾಕಿ, ಬದುಕುವ ಹಕ್ಕಿನೊಳಗೆ ಸಾಯುವ ಹಕ್ಕು ಸೇರಲ್ಲ ಅಂದಿತು. 2008ರಲ್ಲಿ ಕಾನೂನು ಆಯೋಗ ತನ್ನ 210ನೇ ವರದಿಯಲ್ಲಿ ಈ ಕಲಂ ತೆಗೆಯಿರಿ ಅಂತ ಶಿಫಾರಸು ಮಾಡಿತು.

ನಿಜವಾದ ತಿರುವು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2018ರಲ್ಲಿ ಜಾರಿಗೆ ಬಂದ ಇದರ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಹಾಗಲ್ಲ ಅಂತ ಸಾಬೀತಾಗದ ಹೊರತು ವಿಚಾರಣೆ, ಶಿಕ್ಷೆ ಇಲ್ಲ. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡೋದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲವೇ ಇಲ್ಲ.

ಉಳಿದಿರೋದು ಬೇರೆ. 226ನೇ ಕಲಂ: ಸರ್ಕಾರಿ ನೌಕರರನ್ನು ಒಂದು ಕೆಲಸಕ್ಕೆ ಒತ್ತಾಯಿಸಲು ಅಥವಾ ಅವರ ಕೆಲಸ ತಡೆಯಲು ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಸಜೆ, ದಂಡ ಅಥವಾ ಸಮುದಾಯ ಸೇವೆ. ಡಿಸಿ ಆಫೀಸ್ ಮುಂದೆ ದಿಕ್ಕು ತೋಚದೆ ನಿಂತ ರೈತನ ಮೇಲೂ ಇದನ್ನು ಹಾಕಬಹುದು ಅನ್ನೋದು ನನ್ನ ಆತಂಕ. 108ನೇ ಕಲಂ: ಆತ್ಮಹತ್ಯೆಗೆ ಪ್ರಚೋದನೆ ಕೊಟ್ಟವರಿಗೆ ಹತ್ತು ವರ್ಷದವರೆಗೆ ಸಜೆ. ಅಂದರೆ ಕಾನೂನಿನ ಬೆರಳು ಈಗ ಬದುಕುಳಿದವರ ಕಡೆಗಲ್ಲ, ಸಾವಿನ ಕಡೆಗೆ ದೂಡಿದವರ ಕಡೆಗೆ ತೋರಿಸುತ್ತೆ.

‘ಧರ್ಮದಲ್ಲಿ ಹರಾಂ ಇದ್ದದ್ದನ್ನ ಕಾನೂನು ಬಿಟ್ಟುಕೊಟ್ಟರೆ ಹೆಂಗ?’ ಅನ್ನೋರಿದ್ದಾರೆ. ಹರಾಂ ಆದದ್ದೆಲ್ಲ ಜೈಲಿಗೆ ಹಾಕೋ ಅಪರಾಧ ಆಗಬೇಕಿಲ್ಲ. ಮುಸ್ಲಿಂ ಬಹುಸಂಖ್ಯಾತ ಮಲೇಷ್ಯಾ ಕೂಡ ಆತ್ಮಹತ್ಯೆ ಯತ್ನವನ್ನು ಅಪರಾಧವಾಗಿಸಿದ್ದ ತನ್ನ ಕಾನೂನನ್ನು 2023ರಲ್ಲಿ ತೆಗೆಯಿತು. ಭಾರತದಲ್ಲಂತೂ 1937ರ ಶರೀಯತ್ ಕಾಯ್ದೆ ಅನ್ವಯವಾಗೋದು ಮದುವೆ, ತಲಾಖ್, ಮೆಹರ್, ಆಸ್ತಿ ಹಂಚಿಕೆಯಂಥ ವಿಷಯಗಳಿಗೆ. ಕ್ರಿಮಿನಲ್ ಕಾನೂನು ಎಲ್ಲರಿಗೂ ಒಂದೇ. ಹಾಗಾಗಿ ಮೌಲ್ವಿಗೂ ಪೊಲೀಸರಿಗೂ ಇಲ್ಲಿ ಜಗಳ ಹುಟ್ಟೋ ಪ್ರಮೇಯವೇ ಇಲ್ಲ.

ಧರ್ಮ ಮತ್ತು ಕಾನೂನು ಈ ವಿಷಯದಲ್ಲಿ ನಿಜವಾಗಿ ಡಿಕ್ಕಿ ಹೊಡೆದದ್ದು ಜೈನರ ಸಲ್ಲೇಖನದಲ್ಲಿ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಅಂತ ಪರಿಗಣಿಸಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕೊಪ್ಪಳ ಹಿಂದೆ ‘ಕೊಪಣ’ ಅನ್ನೋ ದೊಡ್ಡ ಜೈನ ತೀರ್ಥ, ಸಲ್ಲೇಖನದಿಂದ ದೇಹ ಬಿಟ್ಟವರ ನಿಸಿಧಿ ಶಾಸನಗಳು ಇಲ್ಲೇ ಇವೆ. ಜೈನರು ‘ಅದು ಆತ್ಮಹತ್ಯೆಯೇ ಅಲ್ಲ’ ಅಂತಾರೆ, ಮುಸ್ಲಿಂ ಉಲೇಮಾಗಳು ‘ಜೀವ ತೆಗೆಯೋ ಅಧಿಕಾರ ನಮಗಿಲ್ಲ’ ಅಂತಾರೆ. ಎರಡೂ ವಾದಗಳಲ್ಲಿ ಬದುಕುಳಿದವರನ್ನು ಜೈಲಿಗೆ ಕಳಿಸಿ ಅನ್ನೋ ಬೇಡಿಕೆ ಇಲ್ಲ.

ಪೋಸ್ಟ್‌ಮಾರ್ಟಂ: ನಿಜವಾದ ಪೆಟ್ಟು ಬೀಳೋದು ಇಲ್ಲಿ

ಆತ್ಮಹತ್ಯೆಯ ಮಾಹಿತಿ ಬಂದರೆ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಶವ ಪಂಚನಾಮೆ ಮಾಡಿ ವರದಿ ಕೊಡಬೇಕು. ನಮ್ಮ ಸ್ಟೇಷನ್‌ಗಳಲ್ಲಿ ಇದನ್ನೇ ಯುಡಿಆರ್ ಅಂತಾರೆ. ಯುಡಿಆರ್ ಅಂದರೆ ಯಾರ ಮೇಲೋ ಹಾಕಿದ ಕೇಸಲ್ಲ, ಅಸಹಜ ಸಾವಿನ ದಾಖಲೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳೊಬ್ಬಳು ಹೀಗೆ ತೀರಿಕೊಂಡರೆ ಮರಣೋತ್ತರ ಪರೀಕ್ಷೆ ಕಡ್ಡಾಯ.

ಮುಸ್ಲಿಂ ಕುಟುಂಬಗಳಿಗೆ ಇಲ್ಲಿ ಎರಡು ಸಂಕಟ. ದಫನ್ ಬೇಗ ಆಗಬೇಕು ಅನ್ನೋದು ಒಂದು. ಶವ ಕೊಯ್ಯೋದು ಸತ್ತವರಿಗೆ ನೋವು ಕೊಟ್ಟಂತೆ ಅನ್ನೋ ನಂಬಿಕೆ ಇನ್ನೊಂದು. ಎರಡಕ್ಕೂ ಧರ್ಮದ ಆಧಾರ ಇದೆ, ಅವನ್ನು ಗೇಲಿ ಮಾಡಬೇಕಾಗಿಲ್ಲ. ಆದರೆ ಅನಿವಾರ್ಯವಾದಾಗ ನಿಷೇಧ ಸಡಿಲಾಗುತ್ತೆ ಅನ್ನೋದೂ ಅದೇ ಫಿಕ್ಹಿನ ನಿಯಮ. ಸೌದಿ ಅರೇಬಿಯಾದ ಹಿರಿಯ ಉಲೇಮಾಗಳ ಮಂಡಳಿಯೇ 1976ರಲ್ಲಿ ಅಪರಾಧ ತನಿಖೆಗೆ ಬೇಕಾದ ಮರಣೋತ್ತರ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿದೆ. ‘ರಾತ್ರಿನೇ ಮಾಡಿ ಕೊಡ್ರಿ’ ಅಂತ ಆಸ್ಪತ್ರೆ ಮುಂದೆ ಗಲಾಟೆ ಆಗೋದುಂಟು. 2021ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸೂರ್ಯಾಸ್ತದ ನಂತರ ಪೋಸ್ಟ್‌ಮಾರ್ಟಂಗೆ ಅನುಮತಿ ಕೊಟ್ಟರೂ, ಆತ್ಮಹತ್ಯೆ, ಕೊಲೆ, ಅತ್ಯಾಚಾರ, ಅನುಮಾನಾಸ್ಪದ ಸಾವುಗಳನ್ನು ಸಾಮಾನ್ಯವಾಗಿ ಅದರಿಂದ ಹೊರಗಿಟ್ಟಿದೆ. ಬೆಳಗಿನತನಕ ಕಾಯಿಸೋದು ಸಮುದಾಯದ ಮೇಲಿನ ದ್ವೇಷ ಅಲ್ಲ, ನಿಯಮ.

ಈ ದಾಖಲೆ ತಪ್ಪಿದರೆ ಏನಾಗುತ್ತೆ? ಎರಡು ಉದಾಹರಣೆ ನೋಡಿ.

ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಸಾಲ ಮಾಡಿ ಬಿತ್ತಿದ ರೈತನೊಬ್ಬ ಜೀವ ಕಳೆದುಕೊಂಡ ಅನ್ಕೊಳ್ಳಿ. ಕೃಷಿ ಇಲಾಖೆಯಿಂದ ಅವನ ಕುಟುಂಬಕ್ಕೆ ₹5 ಲಕ್ಷ ಪರಿಹಾರದ ಅವಕಾಶ ಇದೆ. ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿ ಪೊಲೀಸ್ ದಾಖಲೆ, ಮರಣೋತ್ತರ ಪರೀಕ್ಷೆ ವರದಿ, ಸಾಲದ ಕಾಗದ ನೋಡಿ ತೀರ್ಮಾನ ಮಾಡುತ್ತೆ. ‘ಹಾರ್ಟ್ ಅಟ್ಯಾಕ್’ ಅಂತ ದಫನ್ ಮಾಡಿದ ಮೇಲೆ ಆ ಹೆಂಡತಿ ಯಾವ ಕಾಗದ ಹಿಡಿದುಕೊಂಡು ಹೋಗಬೇಕು?

ಇನ್ನೊಂದು ಉದಾಹರಣೆ, ಗಂಡನ ಮನೆಯಲ್ಲಿ ತೀರಿಕೊಂಡ ಹುಡುಗಿ. ‘ಮರ್ಯಾದೆ ಪ್ರಶ್ನೆ’ ಅಂತ ಬೇಗ ದಫನ್ ಮಾಡಿಸೋಕೆ ಆತುರ ಪಡೋರು ಯಾರು ಅನ್ನೋದನ್ನ ನೋಡಬೇಕು. ಅದು ಆತ್ಮಹತ್ಯೆಯೋ, ಕೊಲೆಯೋ, ವರದಕ್ಷಿಣೆ ಕಿರುಕುಳವೋ ಹೇಳಬೇಕಾದ ಸಾಕ್ಷ್ಯ ಮಣ್ಣಿನೊಳಗೆ ಹೋಗುತ್ತೆ. ಆಮೇಲೆ ತವರಿನವರು ದೂರು ಕೊಟ್ಟರೆ ಮ್ಯಾಜಿಸ್ಟ್ರೇಟ್ ಆದೇಶದಿಂದ ಗೋರಿಯನ್ನೇ ಅಗೆಯಬೇಕಾಗುತ್ತೆ. ಅದಕ್ಕಿಂತ ದೊಡ್ಡ ಅವಮಾನ ಸತ್ತವಳಿಗೆ ಇನ್ನೇನಿದೆ?

ಅಂಜುಮನ್ ಕಮಿಟಿಯವರು, ಪೇಶ್ ಇಮಾಮರು ಆ ಕ್ಷಣದಲ್ಲಿ ‘ಪಂಚನಾಮೆ ಆಗಲಿ, ನಮಾಜ್ ನಾವು ಮಾಡ್ತೀವಿ, ಚಿಂತಿ ಮಾಡಬ್ಯಾಡ್ರಿ’ ಅಂತ ಒಂದು ಮಾತು ಹೇಳಿದರೆ ಇಷ್ಟೂ ತಪ್ಪುತ್ತೆ.

ಸಾಲ, ಬಡ್ಡಿ ಮತ್ತು ಎರಡು ಸಲದ ನಾಚಿಕೆ

2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳದ ವಿರುದ್ಧ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದದ್ದು ನಿಮಗೆ ನೆನಪಿರಬಹುದು. ಸಾಲದ ಕಾಟಕ್ಕೆ ರಾಜ್ಯದಲ್ಲಿ ಸಾಲುಸಾಲು ಸಾವುಗಳಾದ ಮೇಲೆ ಬಂದ ಕಾನೂನು ಅದು. ಸಾಲ ಮಾಡಿದ ಮುಸ್ಲಿಂ ಹೆಣ್ಣುಮಕ್ಕಳಿಗೆ ಇಲ್ಲೊಂದು ಹೆಚ್ಚಿನ ಗಂಟು ಇದೆ. ಬಡ್ಡಿಯೂ ಹರಾಂ. ಸಂಘದ ಸಾಲ ತೀರಿಸಲಾಗದೆ ಕಂಗಾಲಾದವಳು ಜಮಾತಿನ ಮುಂದೆ ಹೋಗಿ ಹೇಳಿಕೊಳ್ಳೋಕೂ ಆಗಲ್ಲ, ಯಾಕಂದ್ರೆ ಮೊದಲು ಕೇಳಿಬರೋದು ‘ಬಡ್ಡಿ ಸಾಲ ಯಾಕ ತಗೊಂಡಿ?’ ಅನ್ನೋ ಪ್ರಶ್ನೆ. ಹೀಗೆ ಒಂದು ಹರಾಮಿನ ನಾಚಿಕೆ ಮನುಷ್ಯರನ್ನು ಇನ್ನೊಂದು ಹರಾಮಿನ ಅಂಚಿಗೆ ತಳ್ಳುತ್ತೆ.

ಇದಕ್ಕೂ ಉತ್ತರ ಪುಸ್ತಕದಲ್ಲೇ ಇದೆ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೇದು ಅನ್ನೋದು ಕುರ್‌ಆನಿನ ಎರಡನೇ ಅಧ್ಯಾಯದ 280ನೇ ವಚನದ ಸಾರ. ಒಂಬತ್ತನೇ ಅಧ್ಯಾಯದ 60ನೇ ವಚನ ಜಕಾತ್ ಯಾರಿಗೆ ಸಲ್ಲಬೇಕು ಅಂತ ಎಂಟು ವರ್ಗ ಹೇಳುತ್ತೆ, ಅದರಲ್ಲಿ ಸಾಲದಲ್ಲಿ ಮುಳುಗಿದವರು ಒಂದು ವರ್ಗ. ರಂಜಾನ್‌ನಲ್ಲಿ ಸಂಗ್ರಹವಾಗೋ ಜಕಾತ್‌ನಲ್ಲಿ ಒಂದು ಪಾಲು, ಹೆಸರು ಹೊರಗೆ ಬಿಡದೆ, ಸಾಲದ ಸುಳಿಯಲ್ಲಿರುವ ಮನೆಗಳಿಗೆ ಹೋಗಬೇಕು ಅಂತ ಗಂಗಾವತಿಯ ಹುಡುಗರು ತಮ್ಮ ಮಸೀದಿ ಕಮಿಟಿಯನ್ನ ಕೇಳಬಹುದು. ಇದನ್ನು ಕೇಳೋಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಮಿಂಬರಿನಿಂದ ಏನು ಬರಬೇಕು?

2021ರ ಫೆಬ್ರವರಿಯಲ್ಲಿ ಅಹಮದಾಬಾದಿನ ಯುವತಿಯೊಬ್ಬಳು ವರದಕ್ಷಿಣೆ ಕಿರುಕುಳದಿಂದ ಜೀವ ಕಳೆದುಕೊಂಡದ್ದು ಇಡೀ ದೇಶದ ಸುದ್ದಿಯಾಯಿತು. ಆಗ ಉಲೇಮಾಗಳು ‘ಖುದ್ಕುಶಿ ಹರಾಂ’ ಅಂತ ಹೇಳಿ ಕೈತೊಳೆದುಕೊಳ್ಳಲಿಲ್ಲ. ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಮುಂದಿನ ತಿಂಗಳೇ ಸರಳ ನಿಕಾಹ್ ಅಭಿಯಾನ ಶುರು ಮಾಡಿ, ವರದಕ್ಷಿಣೆ ವಿರುದ್ಧ ಮಾತಾಡಿತು. 2022ರಲ್ಲಿ ಆ ಪ್ರಕರಣದಲ್ಲಿ ಗಂಡನಿಗೆ ಹತ್ತು ವರ್ಷ ಸಜೆಯಾಯಿತು. ನಮ್ಮ ಹಳೆಯ ಹೈದರಾಬಾದ್ ಸೀಮೆಯಲ್ಲಿ ‘ಜೋಡೆ ಕಿ ರಕಮ್’ ಅಂತ ಸಿಹಿ ಹೆಸರಿಟ್ಟುಕೊಂಡು ನಡೆಯೋ ವ್ಯವಹಾರ ಕೂಡ ಇದೇ ವರದಕ್ಷಿಣೆ. ಅದರ ಮಾತಾಡದೆ ಆತ್ಮಹತ್ಯೆ ಹರಾಂ ಅಂತ ಮಾತ್ರ ಹೇಳೋ ಬಯಾನ್ ಅರ್ಧ ಬಯಾನ್.

ಇನ್ನೊಂದು ದಾರಿ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಕಾಣುತ್ತೆ. ಮನೋರೋಗಿಗಳನ್ನು ಕರೆತರೋ ಈ ದರ್ಗಾದ ಆವರಣದಲ್ಲೇ ವೈದ್ಯರು ಕೂರುತ್ತಾರೆ. ಮುಜಾವರರು ದುವಾ ಮಾಡಿ, ಔಷಧಿಗೂ ಕಳಿಸ್ತಾರೆ. ‘ದವಾ ಔರ್ ದುವಾ’ ಅನ್ನೋದು ಆ ಕಾರ್ಯಕ್ರಮದ ಹೆಸರು. ಇದರ ಉಲ್ಟಾ ಉದಾಹರಣೆ ತಮಿಳುನಾಡಿನ ಎರ್ವಾಡಿ: 2001ರ ಆಗಸ್ಟ್ 6ರಂದು ಅಲ್ಲಿನ ಖಾಸಗಿ ಆಶ್ರಯಕೇಂದ್ರದಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮನೋರೋಗಿಗಳು ಸತ್ತರು. ತಾಯತ ಕಟ್ಟಿಸಬೇಡಿ ಅಂತ ನಾನು ಹೇಳ್ತಿಲ್ಲ. ಕಟ್ಟಿದ ಕೈಯೇ ಆಸ್ಪತ್ರೆ ದಾರಿಯನ್ನೂ ತೋರಿಸಲಿ ಅಂತಿದ್ದೇನೆ. ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ ಕಾರ್ಯಕ್ರಮ ಇದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ, ಕರ್ನಾಟಕದಲ್ಲಿ 13,606 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಇವು ದಾಖಲಾದವು ಮಾತ್ರ. ಇವರಲ್ಲಿ ಎಷ್ಟೋ ಜನ ಸಾಯೋದಕ್ಕೆ ಮೊದಲು ಯಾರಿಗಾದರೂ ಹೇಳಿಕೊಳ್ಳೋಕೆ ನೋಡಿರುತ್ತಾರೆ. ಹೇಳಿಕೊಂಡರೆ ಪಾಪಿ ಅಂತಾರೆ, ಕೇಸು ಹಾಕ್ತಾರೆ ಅನ್ನೋ ಭಯ ಬಾಯಿ ಮುಚ್ಚಿಸುತ್ತೆ. ಹರಾಂ ಅನ್ನೋ ಮಾತು ಬದುಕಿರೋರನ್ನ ತಡೆಯೋಕೆ ಇರೋದು. ಅದು ಸತ್ತವರ ಗೋರಿಗೂ, ಉಳಿದವರ ಬೆನ್ನಿಗೂ ಬೀಳೋ ಚಾಟಿ ಆಗಬಾರದು.

ನಿಮ್ಮ ಮಸೀದಿಯ ಇಮಾಮರನ್ನು ಈ ಶುಕ್ರವಾರ ಒಂದು ಮಾತು ಕೇಳಿ ನೋಡಿ: ತುಫೈಲರ ಹದೀಸನ್ನು ಒಮ್ಮೆ ಬಯಾನ್‌ನಲ್ಲಿ ಹೇಳ್ತೀರಾ, ಕೊನೆಗೆ ಒಂದು ಫೋನ್ ನಂಬರನ್ನೂ ಹೇಳ್ತೀರಾ ಅಂತ. ಆ ನಂಬರ್ 14416. ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ನಡೀತಿದೆ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಇದನ್ನು ಓದುತ್ತಿರುವ ನಿಮಗೇ ಬದುಕು ಭಾರ ಅನ್ನಿಸುತ್ತಿದ್ದರೆ, ಮೊದಲು ಪಕ್ಕದಲ್ಲಿರೋ ಒಬ್ಬರಿಗೆ ಹೇಳಿ, ಆಮೇಲೆ ಈ ನಂಬರಿಗೆ ಫೋನ್ ಮಾಡಿ. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112. ಸಹಾಯ ಕೇಳಿದ್ದಕ್ಕೆ ನಿಮ್ಮ ಮೇಲೆ ಯಾವ ಕೇಸೂ ಆಗಲ್ಲ.